ಅತಿವೇಗದ ಕೇಸಿಗೆ ಕೊಪ್ಪಳ ಕೋರ್ಟಿಂದ ಸಮನ್ಸ್ ಬಂದಿದೆ, ಹೋಗಿ ತಪ್ಪು ಒಪ್ಕೊಂಡು ದಂಡ ಕಟ್ಟಿದರೆ ಮುಗೀತಾ?

ಸಮನ್ಸ್ ಹಾಳೆ ಬಿಡಿಸಿ, ‘ಕಲಂ’ ಅಂತ ಬರೆದ ಕಡೆ ಯಾವ ನಂಬರ್ ಇದೆ ಮೊದಲು ನೋಡ್ರಿ. ಹಿಟ್ನಾಳ ದಾಟಿ ಕುಷ್ಟಗಿ ಕಡೆ ಹೋಗುವಾಗ ಕಾರು ನಿಲ್ಲಿಸಿದರು, ಲೈಸೆನ್ಸ್ ಇಸ್ಕೊಂಡರು, ಈಗ ಕೋರ್ಟಿಂದ ಕಾಗದ ಬಂದಿದೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಅಂತೆಲ್ಲ ಬರೆದಿದ್ದೀರಿ. ಕಲಂ ಒಂದನ್ನೇ ಬರೆದಿಲ್ಲ. ಒಪ್ಕೊಂಡು ದಂಡ ಕಟ್ಟಿದರೆ ಮುಗೀತು ಅಂತ ನಿಮ್ಮ ದೋಸ್ತ ಕೊಟ್ಟ ಸಲಹೆ ಸರಿಯೋ ತಪ್ಪೋ ಅನ್ನೋದು ಅದರ ಮೇಲೇ ನಿಂತಿದೆ.

ನಾನು ವಕೀಲನಲ್ಲ, ಕೊಪ್ಪಳದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತ. ಫೈಲು ಹೊತ್ತು ಕೋರ್ಟಿಗೆ ಓಡಾಡೋದೇ ನನ್ನ ಕೆಲಸ, ಹಂಗಾಗಿ ಇಂಥ ಕೇಸಿನವರನ್ನ ದಿನಾ ನೋಡ್ತೀನಿ. ಹೆದ್ದಾರಿ ನಾಲ್ಕು ಪಥ ಆದ ಮೇಲೆ ಇವರ ಸಾಲು ಉದ್ದ ಆಗಿದೆ ಅನ್ನೋದು ನನ್ನ ಅನಿಸಿಕೆ.

ಕಾಗದದಲ್ಲಿ ಮೋಟಾರು ವಾಹನ ಕಾಯ್ದೆಯ 183 ಮಾತ್ರ ಇದ್ದರೆ ನಿಶ್ಚಿಂತೆಯಿಂದ ಊಟ ಮಾಡ್ರಿ. ಆ ಕಲಮಿನಲ್ಲಿ ಜೈಲು ಅನ್ನೋದೇ ಇಲ್ಲ. 2019ರ ತಿದ್ದುಪಡಿ ಪ್ರಕಾರ ಕಾರಿನಂಥ ಲಘು ವಾಹನಕ್ಕೆ 1000ದಿಂದ 2000 ರೂಪಾಯಿ, ಲಾರಿ ಬಸ್ಸಿನಂಥವಕ್ಕೆ 2000ದಿಂದ 4000. ನಮ್ಮ ರಾಜ್ಯ ಸರ್ಕಾರ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರಿಗೆ 1000 ಅಂತ ಇಳಿಸಿತ್ತಲ್ಲ, ಅದು ಪೊಲೀಸರೇ ರಸೀದಿ ಹರಿದು ಮುಗಿಸೋ ದಂಡ. ವಿಷಯ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ಬಂದ ಮೇಲೆ ಎಷ್ಟು ಹಾಕಬೇಕು ಅನ್ನೋದು ಅವರಿಗೆ ಬಿಟ್ಟದ್ದು. ಇಲ್ಲಿ ನಿಮ್ಮ ದೋಸ್ತ ಹೇಳಿದ್ದು ಸರಿ: ಹೋಗ್ರಿ, ಒಪ್ಕೊಳ್ರಿ, ಕಟ್ಟಿ ಬರ್ರಿ. ವಕೀಲರಿಗೆ ಕೊಡೋ ಫೀಸು ದಂಡಕ್ಕಿಂತ ಜಾಸ್ತಿ ಆಗುತ್ತೆ. (ನಮ್ಮ ವಕೀಲ ಸಾಹೇಬರು ಇದನ್ನ ಓದದಿದ್ದರೆ ಸಾಕು.)

ಆದರೆ ಅದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281 ಅಂತ ಇದ್ದರೆ ಮಾತು ಬೇರೆ. ಹಳೇ ಐಪಿಸಿ 279 ಇತ್ತಲ್ಲ, ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ, ಅದೇ ಇದು. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ಪೆಟ್ಟಾಗದ ಮೊದಲ ಕೇಸಿನಲ್ಲಿ ಜೈಲಿಗೆ ಕಳಿಸಿದ್ದನ್ನ ನಾನಂತೂ ನೋಡಿಲ್ಲ, ದಂಡದಲ್ಲೇ ಮುಗಿಯುತ್ತೆ. ಜನ ಎಡವೋದು ಇಲ್ಲೇ. 183ಕ್ಕೂ ಸಾವಿರದ ಆಸುಪಾಸು, 281ಕ್ಕೂ ಸಾವಿರದ ಒಳಗೆ, ವ್ಯತ್ಯಾಸ ಏನು ಅಂತ ಹೂಂ ಅಂದುಬಿಡ್ತಾರೆ. 281ಕ್ಕೆ ಹೂಂ ಅಂದರೆ ನೀವು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆದವರು. ನಾಳೆ ನೌಕರಿಯ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಕಾಗದದ ಮೇಲೆ ಇರುತ್ತೆ. ಮೋಟಾರು ವಾಹನ ಕಾಯ್ದೆಯ 184, ಅಂದರೆ ಅಪಾಯಕಾರಿ ಚಾಲನೆ, ಇದ್ದರೂ ಹುಷಾರ್: ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1000ದಿಂದ 5000 ದಂಡ, ಅಥವಾ ಎರಡೂ ಅಂತ ಬರೆದಿದೆ.

ಇನ್ನೊಂದು, ಎಷ್ಟು ಸ್ಪೀಡ್ ತೋರಿಸಿತ್ತು ಅಂತ ನೀವು ಹೇಳಿಲ್ಲ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ಮೀರಿ ಓಡಿಸಿದರೆ ಎಫ್‌ಐಆರ್ ಹಾಕ್ತೀವಿ ಅಂತ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಪ್ರಕಟಿಸಿದ್ದರು. ಆ ಲೆಕ್ಕಕ್ಕೆ ಸಿಕ್ಕಿದ್ದರೆ 281 ಇರೋ ಸಂಭವ ಜಾಸ್ತಿ. ಡಿವೈಡರ್ ಇರೋ ನಾಲ್ಕು ಪಥದಲ್ಲಿ ಕಾರಿಗೆ ಕೇಂದ್ರ ಕೊಟ್ಟ ಮಿತಿ 100, ಅದೂ ಊರ ಹತ್ತಿರ ಕಡಿಮೆ ಬೋರ್ಡ್ ಹಾಕಿದ್ದರೆ ಬೋರ್ಡ್‌ದೇ ಮಾತು.

281 ಇದ್ದರೆ ವಕೀಲರನ್ನ ಇಡ್ರಿ. ನಮ್ಮ ಹೊಟ್ಟೆಪಾಡಿಗೆ ಹೇಳ್ತಿಲ್ಲ. ಬರೀ ಜೋರಾಗಿ ಓಡಿಸಿದ್ದು ಅಜಾಗರೂಕತೆ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಅದು ನಮ್ಮ ರಾಜ್ಯದ್ದೇ ಲಾರಿ ಕೇಸು, ಕರ್ನಾಟಕ ಸರ್ಕಾರ ವಿರುದ್ಧ ಸತೀಶ್ ಅಂತ. ಎದುರಿಗೆ ಜನ ಇದ್ದರು, ಜೀವಕ್ಕೆ ಅಪಾಯ ಆಗೋ ಹಂಗೆ ಓಡಿಸಿದ ಅಂತ ಸಾಕ್ಷಿ ಬೇಕು. ಒಪ್ಕೊಳ್ಳೋದೇ ಅಂತ ತೀರ್ಮಾನಿಸಿದರೂ ವಕೀಲರು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡ್ರಿ ಅಂತ ಕೇಳಬಹುದು. ಮ್ಯಾಜಿಸ್ಟ್ರೇಟ್ ಒಪ್ಪಿದರೆ ಶಿಕ್ಷೆಯಿಂದ ಬರೋ ಅನರ್ಹತೆ ನಿಮಗೆ ತಟ್ಟೋದಿಲ್ಲ ಅಂತ ಆ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ನೀವೊಬ್ಬರೇ ಕಟಕಟೆ ಮುಂದೆ ನಿಂತರೆ ಇದನ್ನ ಕೇಳೋ ಹೊತ್ತೂ ಸಿಗೋದಿಲ್ಲ.

183 ಒಂದೇ ಇದ್ದು ‘ನಾನು ಅಷ್ಟು ಸ್ಪೀಡ್ ಇರಲೇ ಇಲ್ಲ’ ಅಂತ ನಿಜವಾಗಿ ಅನಿಸಿದರೆ, ಆ ಕಲಮಿನ ಮೂರನೇ ಉಪಕಲಂ ಓದ್ರಿ. ಒಬ್ಬನೇ ಸಾಕ್ಷಿ ‘ನನ್ನ ಅಂದಾಜಿಗೆ ಜೋರಾಗಿತ್ತು’ ಅಂದರೆ ಅದೊಂದರ ಮೇಲೆ ಶಿಕ್ಷೆ ಕೊಡೋಹಂಗಿಲ್ಲ, ಯಂತ್ರದ ಅಳತೆ ಬೇಕು. ಕ್ಯಾಮೆರಾ ಚಲನ್ ಆಗಿದ್ದರೆ 2021ರಲ್ಲಿ ಬಂದ 167ಎ ನಿಯಮ ಇದೆ: ಆ ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಅನುಮೋದನೆ ಪತ್ರ ಇರಬೇಕು, ರಸ್ತೆಯಲ್ಲಿ ಮುಂಚೆಯೇ ಎಚ್ಚರಿಕೆ ಬೋರ್ಡ್ ಇರಬೇಕು. ಸಾವಿರ ರೂಪಾಯಿಗೆ ಇಷ್ಟು ಜಗ್ಗಾಡಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ಹತ್ತಾರು ತಾರೀಕು ಓಡಾಡೋ ಬಸ್ ಚಾರ್ಜೇ ಅದನ್ನ ಮೀರುತ್ತೆ.

ಅಂದ ಹಾಗೆ ಅದೇ 183ರ ನಾಲ್ಕನೇ ಉಪಕಲಂ ನನಗೆ ಬಾಳ ಇಷ್ಟ. ಮಿತಿ ಮೀರದೆ ತಲುಪೋಕೇ ಆಗದಂಥ ಟೈಮ್ ಟೇಬಲ್ ಕೊಟ್ಟ ಮಾಲೀಕ, ಮೇಲ್ನೋಟಕ್ಕೇ ತಪ್ಪಿತಸ್ಥ. ರಾತ್ರಿ ಬಸ್ಸಿನ ಎಷ್ಟೋ ಡ್ರೈವರ್‌ಗಳು ಕೈಕಟ್ಟಿ ನಿಂತು ದಂಡ ಕಟ್ಟಿ ಹೋಗ್ತಾರೆ. ಅವರ ಮಾಲೀಕರನ್ನ ಯಾರೂ ಕರೆಸಿದ್ದು ನೋಡಿಲ್ಲ.

ತಾರೀಕಿನ ದಿನದ ವಿಷಯ. ಹನ್ನೊಂದಕ್ಕೆ ಕೋರ್ಟ್ ಕೂಡುತ್ತೆ, ಹತ್ತೂವರೆಗೇ ಬಂದು ಬಾಗಿಲ ಬಳಿ ಹಚ್ಚಿದ ಪಟ್ಟಿಯಲ್ಲಿ ನಿಮ್ಮ ಕೇಸ್ ನಂಬರ್ ಹುಡುಕ್ರಿ. ಆಮೇಲೆ ಅಲ್ಲಿಂದ ಕದಲಬೇಡ್ರಿ. ಅಟೆಂಡರ್ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗ್ತಾನೆ, ಅದೂ ಅಪ್ಪನ ಹೆಸರು ಸೇರಿಸಿ, ಅರ್ಧ ನುಂಗಿ. ಮೊನ್ನೆ ಯಲಬುರ್ಗಾ ಕಡೆಯ ಒಬ್ಬ ಹುಡುಗ ಗೇಟಿನ ಹೊರಗೆ ಚಹಾ ಕುಡೀತಿದ್ದ, ಒಳಗೆ ‘ಗೈರು’ ಅಂತ ಬರೆದಾಗಿತ್ತು. ಓಡಿ ಬಂದ, ಬೆಂಚ್ ಕ್ಲರ್ಕ್ ತಲೆ ಎತ್ತಲಿಲ್ಲ. ಮಧ್ಯಾಹ್ನದ ಮೇಲೆ ಮತ್ತೆ ಕೂಗಿಸೋಕೆ ನಮ್ಮ ಸಾಹೇಬರೇ ಎದ್ದು ಕೇಳಬೇಕಾಯ್ತು. ಹಂಗೇ ಬಿಟ್ಟಿದ್ದರೆ ವಾರಂಟ್. ವಾರಂಟ್ ಅಂದರೆ ನಿಮ್ಮೂರ ಠಾಣೆಯವರು ಮನೆ ಬಾಗಿಲಿಗೆ ಬರ್ತಾರೆ, ಜಾಮೀನುದಾರ, ಪಹಣಿ ಅಂತ ಅಲೆದಾಟ ಶುರು. ಮನೆಯಲ್ಲಿ ನೀವೇ ಹೇಳೋದು ಒಳ್ಳೇದು. ರಜೆ ಸಿಗಲ್ಲ ಅಂತೀರಾದರೆ, ಸಮನ್ಸ್‌ನಲ್ಲಿ ‘ವಕೀಲರ ಮೂಲಕ ಹಾಜರಾಗಬಹುದು’ ಅಂತ ಇದೆಯಾ ನೋಡ್ಕೊಳ್ರಿ. ದಂಡ ಕಟ್ಟಿದ ಮೇಲೆ ರಸೀದಿ ಇಸ್ಕೊಳ್ಳದೆ ಬರಬೇಡ್ರಿ, ಫೋಟೋ ತೆಗೆದು ಇಟ್ಕೊಳ್ರಿ.

ಅರ್ಧ ದಂಡದ ಆಫರ್ ಬರುತ್ತೆ, ಕಾಯಲಾ ಅಂತಲೂ ಕೇಳಿದ್ದೀರಿ. 2023ರ ಫೆಬ್ರವರಿಯಲ್ಲಿ, ಆಮೇಲೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕೊಟ್ಟಿದ್ದು ಹೌದು, ಅದು ಬಾಕಿ ಉಳಿದ ಇ-ಚಲನ್‌ನವರಿಗೆ. ಕೈಯಲ್ಲಿ ಕೋರ್ಟ್ ತಾರೀಕು ಇಟ್ಕೊಂಡು ಅದನ್ನ ಕಾಯಬೇಡ್ರಿ.

ನೌಕರಿ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ’ ಅಂತ ಕೇಳಿದ್ದರೆ ಇದ್ದದ್ದನ್ನ ಬರೀರಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ: ಚಿಕ್ಕಪುಟ್ಟ ಕೇಸನ್ನ ಇಲಾಖೆ ಬದಿಗಿಡಬಹುದು, ಆದರೆ ಕೊಡೋ ಮಾಹಿತಿ ನಿಜ ಇರಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಚ್ಚಿಟ್ಟದ್ದೇ ದೊಡ್ಡ ಕೇಸು.

ಕೊನೆಗೆ ಲೈಸೆನ್ಸ್. ಅತಿವೇಗಕ್ಕೆ ಪೊಲೀಸರು ಅದನ್ನ ಇಸ್ಕೊಂಡು ಆರ್‌ಟಿಒಗೆ ಕಳಿಸೋಕೆ ಮೋಟಾರು ವಾಹನ ಕಾಯ್ದೆಯ 206ರಲ್ಲಿ ಅಧಿಕಾರ ಇದೆ, ಸಾಮಾನ್ಯವಾಗಿ ಮೂರು ತಿಂಗಳು ಅಮಾನತು. ಆದರೆ ಅಮಾನತಿಗೆ ಮುಂಚೆ ನಿಮ್ಮ ಮಾತು ಕೇಳಲೇಬೇಕು, ಆ ನೋಟಿಸ್ ಬಂದಾಗ ಬರವಣಿಗೆಯಲ್ಲಿ ಉತ್ತರ ಕೊಡ್ರಿ. ಲೈಸೆನ್ಸ್ ಇಸ್ಕೊಂಡಾಗ ಒಂದು ಸ್ವೀಕೃತಿ ಚೀಟಿ ಕೊಟ್ಟಿರಬೇಕು. ಆದರೆ ಲೈಸೆನ್ಸ್ ವಾಪಸ್ ಬರೋವರೆಗೆ ಅದನ್ನ ತೋರಿಸಿ ಗಾಡಿ ಓಡಿಸೋಹಂಗಿಲ್ಲ. ಚೀಟಿ ಕೊಟ್ಟಿಲ್ಲ ಅಂದರೆ ನಾಳೆಯೇ ಠಾಣೆಗೆ ಹೋಗಿ ಕೇಳ್ರಿ.