ಕಥಾ ಸ್ಪರ್ಧೆಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ಹತ್ತಿರದವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬಿಡುವಾದಾಗ ಕಥೆ ಬರೆಯುತ್ತೇನೆ. ವಾಟ್ಸಾಪ್‌ನಲ್ಲಿ ‘ರಾಜ್ಯ ಮಟ್ಟದ ಕಥಾ ಸ್ಪರ್ಧೆ’ಯ ಪ್ರಕಟಣೆ ಬಂತು. ಶುಲ್ಕ 500 ರೂಪಾಯಿ. ಬಹುಮಾನ 10,000, 5,000, 3,000. ಎಲ್ಲರಿಗೂ ಪ್ರಮಾಣಪತ್ರ, ಆಯ್ಕೆಯಾದವರ ಕಥೆ ಸಂಕಲನದಲ್ಲಿ. ಪ್ರಕಟಣೆಯ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. 500 ಅಂದರೆ ನನಗೆ ಎರಡು ಬ್ಲೌಸ್ ಹೊಲಿದ ದುಡ್ಡು. ಮನೆಯವರು ಸುಮ್ನೆ ದಂಡ ಅಂತಾರೆ. ಕಟ್ಟಲಾ, ಬೇಡವಾ?

ಉತ್ತರ: ಕಟ್ಟಬೇಡಿ. ನಿಮ್ಮ ಕಥೆ ಚೆನ್ನಾಗಿಲ್ಲ ಅಂತಲ್ಲ, ಈ ಸ್ಪರ್ಧೆ ನನಗೆ ಸರಿ ಕಾಣಲಿಲ್ಲ. ನೀವು ಕಳಿಸಿದ ಪ್ರಕಟಣೆಯನ್ನು ಎರಡು ಸಲ ಓದಿದೆ. ತೀರ್ಪುಗಾರರು ಯಾರು ಅಂತ ಎಲ್ಲೂ ಇಲ್ಲ. ಹೋದ ವರ್ಷ ಯಾರು ಗೆದ್ದರು, ಅವರ ಕಥೆ ಎಲ್ಲಿ ಓದಬಹುದು, ಅದೂ ಇಲ್ಲ. ದುಡ್ಡು ಹಾಕಬೇಕಾದದ್ದು ಸಂಸ್ಥೆಯ ಖಾತೆಗಲ್ಲ, ಒಬ್ಬರ ಮೊಬೈಲ್ ನಂಬರಿಗೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ, ನೋಡಿದಿರಾ? ಆಯ್ಕೆಯಾದವರು ಸಂಕಲನದ ಐದು ಪ್ರತಿ ಕೊಳ್ಳುವುದು ಕಡ್ಡಾಯ. ಅಂದರೆ ಗೆದ್ದರೂ ಮತ್ತೆ ದುಡ್ಡು ಕೊಡಬೇಕು.

ಲೆಕ್ಕ ಹಾಕಿ. ಇನ್ನೂರು ಜನ ಕಟ್ಟಿದರೆ ಒಂದು ಲಕ್ಷ. ಬಹುಮಾನಕ್ಕೆ ಹೋಗುವುದು 18,000. ಪ್ರಮಾಣಪತ್ರಕ್ಕೆ ಹೆಚ್ಚೇನೂ ಖರ್ಚಿಲ್ಲ. ಪುಸ್ತಕದ ಅಚ್ಚಿನ ಖರ್ಚನ್ನೂ ಬರೆದವರೇ ಕೊಂಡು ತುಂಬಿಕೊಡುತ್ತಾರೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಹಾಗಂತ ಶುಲ್ಕ ಕೇಳುವವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಹಾಸನದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಕೂತಿದ್ದೇನೆ. ಹೆಸರು ತೆಗೆದು ನಂಬರ್ ಹಾಕಿದ ಕಥೆಗಳ ಕಟ್ಟು ಮನೆಗೆ ಬರುತ್ತದೆ. ಮೊದಲ ಸುತ್ತಿಗೇ ವಾರಗಟ್ಟಲೆ ಬೇಕು. ರಾತ್ರಿ ಓದಿ ಬೇಡ ಅಂತ ಪಕ್ಕಕ್ಕಿಟ್ಟ ಕಥೆಯನ್ನು ಬೆಳಗ್ಗೆ ಮತ್ತೆ ಓದಲೇಬೇಕು, ಯಾಕೆಂದರೆ ದಣಿದ ಕಣ್ಣು ತಪ್ಪು ಮಾಡುತ್ತದೆ. ಜೆರಾಕ್ಸ್, ಅಂಚೆ, ಓದುವವರ ಗೌರವಧನ, ಎಲ್ಲದಕ್ಕೂ ಖರ್ಚಿದೆ. ಆದರೆ ಆ ಖರ್ಚನ್ನು ಬರೆಯುವವರ ಮೇಲೆ ಹೊರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಗಿಲಲ್ಲೇ 500 ರೂಪಾಯಿ ಕೇಳಿದರೆ ಸಂಬಳ ಇರುವವರು ಒಳಗೆ ಬರುತ್ತಾರೆ. ತೋಟದ ಲೈನ್ ಮನೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವ ಹುಡುಗಿ ಬರುವುದಿಲ್ಲ. ನೀವೂ ಎರಡು ಸಲ ಯೋಚನೆ ಮಾಡಿದಿರಿ ಅಲ್ವಾ? ಕಥೆಗಳನ್ನು ತೂಗಿ ನೋಡುವ ಮೊದಲೇ ಅರ್ಧ ಜನರನ್ನು ಹೊರಗಿಟ್ಟು, ಆಮೇಲೆ ‘ರಾಜ್ಯಕ್ಕೇ ಪ್ರಥಮ’ ಅನ್ನುವುದು ನ್ಯಾಯವಲ್ಲ. ಈ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಶುಲ್ಕ ಕಟ್ಟಲೇಬೇಕು ಅನ್ನಿಸುವ ಸ್ಪರ್ಧೆ ಮುಂದೆ ಸಿಕ್ಕಬಹುದು. ಸಂಕಲನದಲ್ಲೋ ಪತ್ರಿಕೆಯಲ್ಲೋ ಹಿಂದೆ ಗೆದ್ದವರ ಕಥೆ ಹುಡುಕಿ ಓದಿ. ಓದಿ ಹೊಟ್ಟೆಕಿಚ್ಚಾದರೆ ಆ ಸ್ಪರ್ಧೆ ಒಳ್ಳೆಯದು. ಬಂದ ಪ್ರತಿ ಕಥೆಗೂ ನಾಲ್ಕು ಸಾಲಿನ ಅಭಿಪ್ರಾಯ ಬರೆದು ಕಳಿಸುತ್ತೇವೆ ಅನ್ನುವವರಿಗೆ ನೂರಿನ್ನೂರು ಕೊಟ್ಟರೆ ತಪ್ಪಿಲ್ಲ. ಅಲ್ಲಿ ನಿಮಗೆ ಏನೋ ಸಿಗುತ್ತದೆ.

ಹಕ್ಕಿನ ಸಾಲನ್ನೂ ಮರೆಯದೆ ನೋಡಿ. ‘ಸ್ಪರ್ಧೆಗೆ ಬಂದ ಎಲ್ಲ ಕಥೆಗಳ ಹಕ್ಕು ಸಂಸ್ಥೆಯದು’ ಎಂದು ಕೆಲವರು ಹಾಕುತ್ತಾರೆ. ಗೆಲ್ಲದ ಕಥೆಯೂ ಕೈಬಿಟ್ಟು ಹೋದಂತೆ! ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಬರೆದವರು ಬದುಕಿರುವವರೆಗೂ, ಆಮೇಲೆ 60 ವರ್ಷವೂ ಹಕ್ಕು ಇರುತ್ತದೆ. ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಆದ್ದರಿಂದ ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ.

ದುಡ್ಡಿಲ್ಲದೆ ಕಳಿಸುವ ಜಾಗಗಳು ನಮಗೆ ಬೇಕಾದಷ್ಟಿವೆ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆ ದಶಕಗಳಿಂದ ನಡೆಯುತ್ತಿದೆ, ಕನ್ನಡದ ಎಷ್ಟೋ ಕಥೆಗಾರರು ಅಲ್ಲಿಂದ ಬಂದವರು. ಮಯೂರ, ತುಷಾರ, ಸುಧಾ, ತರಂಗಕ್ಕೆ ನೇರವಾಗಿ ಕಳಿಸಿ. ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು, ಅಷ್ಟರಲ್ಲಿ ಇನ್ನೊಂದು ಬರೆಯಿರಿ. ಹಾಸನ ಆಕಾಶವಾಣಿಗೂ (102.2) ಬರೆದು ಕೇಳಿ. ರೇಡಿಯೊದಲ್ಲಿ ಕಥೆ ಓದಿದರೆ ದುಡ್ಡು ಕೊಡುವುದು ಅವರು, ನೀವಲ್ಲ. ಪುಸ್ತಕ ಬಂದ ಮೇಲೆ, ವಯಸ್ಸು 35 ದಾಟಿರದಿದ್ದರೆ, ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಇದೆ, 50,000 ರೂಪಾಯಿಯದು.

ಆ 500 ಖರ್ಚು ಮಾಡಲೇಬೇಕು ಅಂತಿದ್ದರೆ ಡಿಟಿಪಿ ಅಂಗಡಿಯಲ್ಲಿ ಕಥೆಯನ್ನು ಯುನಿಕೋಡ್‌ನಲ್ಲಿ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರದಲ್ಲಿ, ಟೈಪ್ ಮಾಡಿಸಿ. ಈಗ ಎಷ್ಟೋ ಪತ್ರಿಕೆಗಳು ಇಮೇಲ್‌ನಲ್ಲೇ ಕೇಳುತ್ತವೆ. ಫೋನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದನ್ನು ಕಲಿತರೆ ಅದೂ ಉಳಿಯಿತು. ಒತ್ತಕ್ಷರ ಮಾತ್ರ ಆಮೇಲೆ ನೀವೇ ತಿದ್ದಬೇಕು. ನಿಮ್ಮ ಕಥೆಯ ಒಂದು ಪ್ರತಿ ನನಗೂ ಕಳಿಸಿ, ಓದುವ ಆಸೆಯಿದೆ.

ಪ್ರಶ್ನೆ: ಅರಸೀಕೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಇಂಗ್ಲಿಷ್‌ನಲ್ಲೂ ಬರೆಯುತ್ತೇನೆ. ಹೊರದೇಶದ ಸ್ಪರ್ಧೆಗಳು ಪೌಂಡ್‌ನಲ್ಲಿ ಶುಲ್ಕ ಕೇಳುತ್ತವೆ. ಬಾನು ಮುಷ್ತಾಕ್ ಅವರಿಗೆ ಬಂದ ಬೂಕರ್‌ಗೆ ನಾವೇ ಕಥೆ ಕಳಿಸಬಹುದಾ?

ಉತ್ತರ: ಇಲ್ಲ. ನಮ್ಮ ಹಾಸನದ ಬಾನು ಅವರಿಗೆ 2025ರಲ್ಲಿ ಬಂದ ಅಂತರರಾಷ್ಟ್ರೀಯ ಬೂಕರ್‌ಗೆ ಪುಸ್ತಕ ಕಳಿಸುವುದು ಪ್ರಕಾಶಕರು. 50,000 ಪೌಂಡ್ ಬಹುಮಾನ ಬಾನು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಬೂಕರ್‌ಗೆ ನಿಮ್ಮ ಕಥೆ ಕಳಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಇಂಗ್ಲೆಂಡಿನ ಬ್ರಿಡ್‌ಪೋರ್ಟ್ ಪ್ರೈಜ್ ಶುಲ್ಕ ತೆಗೆದುಕೊಳ್ಳುತ್ತದೆ. 1973ರಿಂದ ನಡೆದು ಬಂದ, ಹೆಸರಿರುವ ಸ್ಪರ್ಧೆ, ಮೋಸವೇನಿಲ್ಲ. ಆದರೂ ವಿದ್ಯಾರ್ಥಿಯ ಜೇಬಿಗೆ ಭಾರ, ಸಾವಿರಾರು ಜನರ ಜೊತೆ ಪೈಪೋಟಿ ಬೇರೆ. ಮೊದಲು ಕಾಮನ್‌ವೆಲ್ತ್ ಸಣ್ಣಕಥಾ ಬಹುಮಾನಕ್ಕೆ ಕಳಿಸಿ. ಶುಲ್ಕವೇ ಇಲ್ಲ. ಕಾಮನ್‌ವೆಲ್ತ್ ದೇಶಗಳ (ಭಾರತವೂ ಸೇರಿ) 18 ತುಂಬಿದ ಯಾರು ಬೇಕಾದರೂ ಕಳಿಸಬಹುದು. ಕಥೆ ಎಲ್ಲೂ ಅಚ್ಚಾಗಿರಬಾರದು, 2,000ದಿಂದ 5,000 ಪದ ಇರಬೇಕು. 2024ರಲ್ಲಿ ಅದನ್ನು ಗೆದ್ದದ್ದು ಮುಂಬೈನ ಸಂಜನಾ ಠಾಕೂರ್. ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷ್‌ಗೆ ಅನುವಾದ ಮಾಡಿಯೂ ಕಳಿಸಬಹುದು. ನಿಮಗೆ ಎರಡೂ ಭಾಷೆ ಬರುತ್ತದಲ್ಲ, ಕನ್ನಡದ ಒಂದು ಕಥೆಯನ್ನು ಹಾಗೆ ಮಾಡಿ ನೋಡಿ.