ಹೆಸರು ಹೇಳದೆಯೂ ಚಿಕಿತ್ಸೆ ಸಿಗುತ್ತದೆ

ಅಕ್ಕನ ಮಗಳಿಗೆ 17 ವರ್ಷ, 8 ವಾರದ ಬಸುರಿ, ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೆಸರು ಹೋಗುತ್ತದಾ ಅಂತ ಕೇಳಿದ್ದೀರಿ. ಮೊದಲು, ಮೆಡಿಕಲ್ ಶಾಪಿನ ಮಾತ್ರೆ ತಂದು ಮನೆಯಲ್ಲೇ ಮುಗಿಸುವ ಯೋಚನೆ ಬಿಟ್ಟುಬಿಡಿ. ಬಸಿರು ಗರ್ಭಕೋಶದ ಹೊರಗೆ ಕೂತಿದ್ದರೆ ಜೀವಕ್ಕೇ ಅಪಾಯ.

ನಿಮ್ಮ ಭಯಕ್ಕೆ ಕಾರಣ ಪೋಕ್ಸೊ ಕಾಯ್ದೆಯ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾನೂನಿನ, 19ನೇ ಸೆಕ್ಷನ್. 18 ತುಂಬದವಳು ಬಸುರಿಯಾದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಅವಳು ಒಪ್ಪಿದ್ದಳೋ ಇಲ್ಲವೋ ಲೆಕ್ಕಕ್ಕಿಲ್ಲ. ಕಾಪಾಡಬೇಕಾದ ಕಾನೂನೇ ಹುಡುಗಿಯರನ್ನು ಆಸ್ಪತ್ರೆಯಿಂದ ದೂರ ಓಡಿಸುತ್ತಿರುವುದು ಸಂಕಟದ ವಿಷಯ. ಸುಪ್ರೀಂ ಕೋರ್ಟಿಗೂ ಇದು ಕಂಡಿದೆ. 2022ರ ಸೆಪ್ಟೆಂಬರ್ 29ರ ತೀರ್ಪಿನ ಪ್ರಕಾರ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಮುಂದೆ ಕೇಸ್ ನಡೆದರೂ ಹೇಳಬೇಕಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ: 'ಪೊಲೀಸರಿಗೆ ತಿಳಿಸುವಾಗ ನನ್ನ ಹೆಸರು, ವಿಳಾಸ ಕೊಡಬೇಡಿ.' ಅವಳೂ ಅವಳ ಅಮ್ಮನೂ ಸಹಿ ಹಾಕಲಿ. ಕೌಂಟರಿನಲ್ಲಲ್ಲ, ಡಾಕ್ಟರ ಕೈಗೇ ಕೊಡಿ, ತೀರ್ಪಿನ ದಿನಾಂಕವನ್ನೂ ಹೇಳಿ, ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 20 ವಾರದೊಳಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕಾನೂನಿನ ಅವಕಾಶವಿಲ್ಲದವರಿಗೆ ವೈದ್ಯರು ಅವಳ ಹೆಸರು ಬಾಯಿಬಿಟ್ಟರೆ ಎಂಟಿಪಿ ಕಾಯ್ದೆಯ (ಗರ್ಭಪಾತದ ಕಾನೂನು) 5ಎ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲಾಗಬಹುದು.

ಒಂದು ಮಾತು. ಬಲವಂತ ನಡೆದಿದೆಯಾ ಅಂತ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ. ಹೌದು ಅಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಏನೇ ಆದರೂ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.