ಸಿಇಟಿ ರ‍್ಯಾಂಕ್ ಅಂದ್ರ ಶಾಣ್ಯಾತನ ಏನ್ರಿ?

ಪ್ರಶ್ನೆ: ಸರ್, ನಮಸ್ಕಾರ್ರಿ. ನನ್ನ ಮಗಳು ಹಳ್ಳಿ ಸಾಲ್ಯಾಗ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸ್‌ನ್ಯಾಗ 86 ಪರ್ಸೆಂಟ್ ತಗದಾಳ, ಆದ್ರ ಸಿಇಟಿ ಸರಿ ಆಗಿಲ್ಲ, ರ‍್ಯಾಂಕ್ ಭಾಳ ದೂರ ಹೋಗ್ಯದ. ನಮ್ಮ ತಮ್ಮನ ಮಗ ಮಂಗಳೂರಾಗ ಹಾಸ್ಟೆಲಿನ್ಯಾಗ ಇದ್ದು ಕೋಚಿಂಗ್ ತಗೊಂಡು ಚಲೋ ರ‍್ಯಾಂಕ್ ತಂದಾನ. ಇಕಿ ಇಂಜಿನಿಯರಿಂಗ್ ಮಾಡ್ತಾಳೋ ಇಲ್ಲೋ ಆ ಪರೀಕ್ಷಿಗಿ ಖರೇನೇ ಗೊತ್ತಾಗ್ತದೇನ್ರಿ?
– ಒಬ್ಬ ತಂದಿ, ಶಹಾಪುರ ತಾಲೂಕು, ಯಾದಗಿರಿ ಜಿಲ್ಲಾ

ಉತ್ತರ: ಪೂರಾ ಗೊತ್ತಾಗಲ್ರಿ ಅಣ್ಣಾರೆ, ಅರ್ಧಾ ಗೊತ್ತಾಗ್ತದ. ಅದಕ್ಕೇ ಇಂಜಿನಿಯರಿಂಗ್ ರ‍್ಯಾಂಕಿಗಿ ಸಿಇಟಿ ಅರ್ಧಾ, ಪಿಯುಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಮಾರ್ಕ್ಸ್ ಅರ್ಧಾ ಹಿಡೀತಾರ. 2021ರಾಗ ಕೋವಿಡ್ ಅಂತ ಪಿಯುಸಿ ಪರೀಕ್ಷೀನೇ ನಡೀಲಿಲ್ಲ, ಆ ವರ್ಷ ಬರೀ ಸಿಇಟಿ ಹಿಡದ್ರು, ಮುಂದ 2022ರಾಗ ರಿಪೀಟರ್ಸ್, ಅಂದ್ರ ಹಿಂದಿನ ವರ್ಷ ಪಿಯುಸಿ ಮುಗಿಸಿ ಮತ್ತ ಸಿಇಟಿ ಬರದೋರು, ಪರೀಕ್ಷಿ ಇಲ್ದೆ ಕೊಟ್ಟ ತಮ್ಮ ಪಿಯುಸಿ ಮಾರ್ಕ್ಸೂ ಹಿಡೀರಿ ಅಂತ ಹೈಕೋರ್ಟಿಗಿ ಹೋದ್ರು, ಅಷ್ಟು ಫರಕ್ ಬೀಳ್ತದ ಆ ಅರ್ಧಕ್ಕ. ಸಿಇಟಿಯಾಗ ಒಂದೊಂದು ಸಬ್ಜೆಕ್ಟಿಗಿ 60 ಪ್ರಶ್ನಿ, 80 ನಿಮಿಷ. ಅಂದ್ರ ಒಂದು ಪ್ರಶ್ನಿಗಿ 80 ಸೆಕೆಂಡ್. ಈ ಸ್ಪೀಡು ತಲಿಯಿಂದ ಬರೋದಕಿಂತ ರೂಢಿಯಿಂದ ಬರ್ತದ, ರೂಢಿ ಮಾಡ್ಸೋರಿಗೇ ನಾವು ಲಕ್ಷಗಟ್ಟಲೆ ಫೀ ಕಟ್ಟೋದು. ಎರಡು ವರ್ಷ ಟ್ಯೂಷನ್ ಇಲ್ದೆ ಕುಂತು 86 ತಗದಾಕಿ ಮುಂದೂ ಕುಂತು ಓದ್ತಾಳ ಅನ್ನೋದಕ್ಕ ಆ ಮಾರ್ಕ್ಸೇ ಸಾಕ್ಷಿ. ಅಮೆರಿಕಾದ ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯವ್ರ ಲೆಕ್ಕದಾಗೂ ಹೈಸ್ಕೂಲ್ ಗ್ರೇಡು ಮುಂದಿನ ಓದಿನ ಬಗ್ಗೆ ಚಲೋ ಸುಳಿವು ಕೊಡ್ತಾವ ಅಂತ ಬಂದಿತ್ತು, 2020ರಾಗ ಎಸ್ಎಟಿ ಅನ್ನೋ ಅಲ್ಲಿನ ಎಂಟ್ರೆನ್ಸ್ ಪರೀಕ್ಷಿ ಬಿಡ್ಲಾಕ ತೀರ್ಮಾನ ಮಾಡಿದ್ರು. ಹಂಗಂತ ಎಂಟ್ರೆನ್ಸ್ ಪೂರಾ ಬ್ಯಾಡ ಅನ್ಲಾಕ ನಾ ತಯಾರಿಲ್ಲ, ಅಮೆರಿಕಾದ್ದೇ ದೊಡ್ಡ ಟೆಕ್ನಾಲಜಿ ಯುನಿವರ್ಸಿಟಿ ಎಂಐಟಿಯವ್ರು ಎಸ್ಎಟಿ ಬಿಟ್ಟು 2022ರಾಗ ವಾಪಸ್ ತಂದ್ರು, ಬಡವರ ಮಕ್ಕಳ ಗಣಿತ ಎಷ್ಟು ಗಟ್ಟಿ ಅದ ಅಂತ ತೋರ್ಸಲಾಕ ಅದೇ ಉಪಯೋಗ ಆಗ್ತದ ಅಂದ್ರು.

ಈಗ ಕೆಲಸದ ಮಾತು. 371ಜೆ ಅಂದ್ರ ನಮ್ಮ ಕಲ್ಯಾಣ ಕರ್ನಾಟಕದೋರಿಗಿ ಸಂವಿಧಾನದಾಗ ಕೊಟ್ಟ ಮೀಸಲಾತಿ, ಅದರ ಸರ್ಟಿಫಿಕೇಟ್ ಅಸಿಸ್ಟೆಂಟ್ ಕಮಿಷನರ್ ಆಫೀಸಿನಿಂದ ತಗೊಂಡೀರೇನು? ನಮ್ಮ ಭಾಗದ ಕಾಲೇಜಿನ್ಯಾಗ 70 ಪರ್ಸೆಂಟ್ ಸೀಟು, ಹೊರಗ 8 ಪರ್ಸೆಂಟ್. ಒಂದರಿಂದ ಹತ್ತರ ತನಕ ಹಳ್ಳ್ಯಾಗ, ಕನ್ನಡದಾಗ ಓದಿದ್ರ ಗ್ರಾಮೀಣ ಕೋಟಾ, ಕನ್ನಡ ಮೀಡಿಯಂ ಕೋಟಾ ಬ್ಯಾರೆ ಅವ. ಕಾಗದ ಇಲ್ದೆ ಸೀಟ್ ಕಳ್ಕೊಂಡೋರ್ನ ಭಾಳ ನೋಡೀನ್ರಿ.

ಪ್ರಶ್ನೆ: ನಂದು ಬೆಂಗಳೂರಾಗ 371ಜೆ ಸೀಟು. ಕ್ಲಾಸಿನ ಹುಡುಗ್ರು "ಕೋಟಾ ಪಾರ್ಟಿ" ಅಂತ ಕಾಡಸ್ತಾರ. ಫಸ್ಟ್ ಸೆಮ್‌ನ್ಯಾಗ ಒಂದು ಬ್ಯಾಕ್ ಆಗ್ಯದ ಸರ್, ನನ್ನ ಲೆವೆಲ್ ಕಾಲೇಜ್ ಅಲ್ಲ ಇದು ಅನಸ್ತದ.
– ಔರಾದಿನ ವಿದ್ಯಾರ್ಥಿ

ಉತ್ತರ: ತಮ್ಮಾ, ನಿನ್ನ ಮಾತಿಗಿ ಇಕನಾಮಿಕ್ಸ್‌ನ್ಯಾಗ ಒಂದು ಹೆಸರೇ ಅದ, ಮಿಸ್‌ಮ್ಯಾಚ್ ಅಂತಾರ. ರಿಸರ್ವೇಶನ್ನಿನಿಂದ ದೊಡ್ಡ ಕಾಲೇಜಿಗಿ ಹೋದೋರು ಅಲ್ಲಿ ಸೋಲ್ತಾರ ಅನ್ನೋ ವಾದ. ನಮ್ಮ ದೇಶದ್ದೇ ಒಂದು ರಾಜ್ಯದ ಇನ್ನೂರಕ್ಕೂ ಹೆಚ್ಚು ಇಂಜಿನಿಯರಿಂಗ್ ಕಾಲೇಜಿನ ಮಕ್ಕಳ ಮಾರ್ಕ್ಸ್ ಇಟ್ಕೊಂಡು ಇದನ್ನ ನೋಡಿದ್ರು, 2016ರಾಗ ಛಾಪ್ಸಿದ್ರು, ಹಂಗ ಸೋತದ್ದಕ್ಕ ಪುರಾವೆ ಸಿಗಲಿಲ್ಲ. ಬ್ಯಾಕ್ ಬಿದ್ದ ಸಬ್ಜೆಕ್ಟ್ ಗಣಿತ ಇದ್ರ ಈಗೇ ಹೋಗಿ ಸೀನಿಯರ್ ಒಬ್ಬನ್ನ ಹಿಡಿ, ನಾಚ್ಕೋಬ್ಯಾಡ. ಇಂಗ್ಲಿಷ್ ಲೆಕ್ಚರ್ ತಲಿಗಿ ಹತ್ತಲಾರದ್ದಕ್ಕ ಬಿದ್ದದ್ದಿದ್ರ ಮೂರನೇ ಸೆಮ್‌ಗಿ ತಾನೇ ಸರಿ ಹೋಗ್ತದ. ಕಾಡ್ಸೋರಿಗಿ ಉತ್ತರ ಕೊಡ್ಲಾಕ ಹೋಗಬ್ಯಾಡ, ಟೈಮ್ ವೇಸ್ಟು.

ಪ್ರಶ್ನೆ: ಯಾರು ಪಾಸ್ ಆಗ್ತಾರ ಅಂತ ಕಂಪ್ಯೂಟರೇ ಹೇಳಂಗಿದ್ರ ಅದಕ್ಕೇ ಸೀಟ್ ಹಂಚ್ಲಾಕ ಬಿಟ್ರ ಆಗಲ್ಲೇನ್ರಿ? ವಶೀಲಿ ಆದ್ರೂ ತಪ್ತದ.
– ಉಪನ್ಯಾಸಕರು, ಕಲಬುರಗಿ

ಉತ್ತರ: ಇಂಗ್ಲೆಂಡಿನೋರು ಹಂಗೇ ಮಾಡಿ ನೋಡ್ಯಾರ ಸರ್. 2020ರಾಗ ಪರೀಕ್ಷಿ ಇಲ್ದೆ ಎ-ಲೆವೆಲ್ (ನಮ್ಮ ಪಿಯುಸಿ ಇದ್ದಂಗ) ಗ್ರೇಡ್ ಕೊಡ್ಲಾಕ ಒಂದು ಫಾರ್ಮುಲಾ ಹಾಕಿದ್ರು, ಅದು ಆ ಸಾಲಿ ಹಿಂದಿನ ವರ್ಷಗಳ ರಿಸಲ್ಟ್ ನೋಡಿ ಈ ವರ್ಷದ ಹುಡುಗರ ಗ್ರೇಡ್ ಕಟ್ತಿತ್ತು. ಟೀಚರ್ ಹೇಳಿದ್ದಕಿಂತ ಸುಮಾರು 40 ಪರ್ಸೆಂಟ್ ಗ್ರೇಡ್ ಕೆಳಗ ಬಿದ್ದವು, ಹುಡುಗ್ರು ರಸ್ತೇಕ ಇಳದ್ರು, ಸರ್ಕಾರ ನಾಕು ದಿನದಾಗ ಕೈಬಿಡ್ತು. 2024ರ ಎಸ್ಸೆಸ್ಸೆಲ್ಸಿಯಾಗ ರಾಜ್ಯಕ್ಕ ಕೊನೀ ಜಿಲ್ಲಾ ನಮ್ಮ ಯಾದಗಿರಿ, ಪಾಸಾದೋರು 50.59 ಪರ್ಸೆಂಟ್. ಆ ಅಂಕಿ ಮಷೀನಿಗಿ ತಿನ್ನಿಸಿದ್ರ ಮ್ಯಾಲಿನ ಶಹಾಪುರದ ಹುಡುಗಿಗಿ ಅದು ಎಷ್ಟು ಮಾರ್ಕ್ಸ್ ಕೊಡ್ತದ, ನೀವೇ ಲೆಕ್ಕ ಹಾಕ್ರಿ.